ಮೈಕ್ರೋಫಿಶ್ ಹಾಳೆಯಲ್ಲಿ ಅವ್ವನ ಹೆಸರು

ಜಮಖಂಡಿಯ ಕಾಲೇಜೊಂದರ ಲೈಬ್ರರಿಯಿಂದ ಹಳೆಯ ಸಾಮಾನು ಗುಜರಿಗೆ ಹೊರಟಿದೆ ಎಂದು ಕಳೆದ ವಾರ ಗೊತ್ತಾಯಿತು. ಅದರಲ್ಲಿ ಧಾರವಾಡದ ದೊಡ್ಡ ಲೈಬ್ರರಿಯೊಂದರ ಮೈಕ್ರೋಫಿಶ್ ಕ್ಯಾಟಲಾಗೂ ಇತ್ತು, ಕಂಪ್ಯೂಟರಿಗೆ ಇನ್ನೂ ಏರದ ಹಳೆಯ ಪುಸ್ತಕಗಳದ್ದು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅವ್ವ ಹುಡುಗಿಯಾಗಿದ್ದಾಗ, ಬನಹಟ್ಟಿಯ ಹೆಂಗಸರು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಹಾಡುತ್ತಿದ್ದ ಪದಗಳನ್ನು ಕೂಡಿಸಿ ಸಣ್ಣ ಪುಸ್ತಕ ಮಾಡಿದ್ದಳಂತೆ. ಮನೆಯಲ್ಲಿ ಒಂದು ಪ್ರತಿಯೂ ಉಳಿದಿಲ್ಲ. ‘ಧಾರವಾಡಕ್ಕ ಒಂದು ಕಳಿಸಿದ್ನಿ’ ಎಂದು ಅವಳು ಹೇಳಿದಾಗಲೆಲ್ಲ ನಾವು ಮಕ್ಕಳು ನಕ್ಕಿದ್ದೆವು. ಅವಳು ತೀರಿಕೊಂಡ ಮೇಲೆ ಆ ನಗು ನನ್ನನ್ನು ಚುಚ್ಚುತ್ತಲೇ ಉಳಿದುಬಿಟ್ಟಿತು.

ಮರುದಿನ ಮುಧೋಳದಿಂದ ಜಮಖಂಡಿಗೆ ಮೊದಲ ಬಸ್ಸು ಹಿಡಿದೆ. ಅವ್ವನ ತಂಗಿ, ನಮ್ಮ ಚಿಗವ್ವ, ಬನಹಟ್ಟಿಯಿಂದ ಬಂದು ಸೇರಿಕೊಂಡಳು.

“ಲಗೂನ ನೋಡ್ರಿ ಬಾಯಾರ, ಈ ಮಷಿನ್ನಿನ ಬಲ್ಬ್ ಹೋತಂದ್ರ ಮತ್ತ ಸಿಗೂದಿಲ್ಲ,” ಎಂದರು ಲೈಬ್ರೇರಿಯನ್.

ಮೈಕ್ರೋಫಿಶ್ ಎಂದರೆ ಅಂಗೈಯಗಲದ ಪಾರದರ್ಶಕ ಹಾಳೆ. ಅದರ ತುಂಬ ಇರುವೆ ಸಾಲಿನಂಥ ಪುಟಗಳು. ಮಷಿನ್ನಿನ ಗಾಜುಗಳ ನಡುವೆ ಸರಿಸಿದರೆ ಸ್ಕ್ರೀನಿನ ಮೇಲೆ ಬಿಳಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಸರ್‌ನೇಮ್ ಫಸ್ಟ್ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲ, ಅಪ್ಪನ ಮನೆತನದ ಹೆಸರು ಹಿಡಿದು ಅವ್ವನ ಹೆಸರನ್ನು ಹುಡುಕಿದೆ. ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಇರಲಿಲ್ಲ.

“ಯಾರ ಹೆಸರ ಹುಡುಕಾಕತ್ತಿ ಬೇ?” ಎಂದಳು ಚಿಗವ್ವ.

“ಅವ್ವಂದ.”

“ಅದು ನಿಮ್ಮಪ್ಪನ ಮನ್ಯಾಗ ಇಟ್ಟ ಹೆಸರು. ಆಕಿ ಪುಸ್ತಕ ಮಾಡಿದಾಗ ನಿಮ್ಮಪ್ಪ ಎಲ್ಲಿದ್ದ? ಇಷ್ಟ ಇಂಗ್ಲಿಷ್ ಓದಿ ಇದ ತಿಳೀಲಿಲ್ಲ ನಿನಗ.”

ನಮ್ಮಲ್ಲಿ ಮದುವೆಯ ದಿನ ಮದುಮಗಳ ಹೆಸರನ್ನೇ ಬದಲಿಸುತ್ತಿದ್ದರು. ಅವ್ವನ ತವರಿನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ; ಕೇಳಬೇಕೆಂದು ಹೊಳೆದೂ ಇರಲಿಲ್ಲ. ಚಿಗವ್ವ ಅದನ್ನು ಹೇಳಿದಳು, ಅಂಗಳದಲ್ಲಿರುವ ಅಕ್ಕನನ್ನು ಕರೆದ ಹಾಗೆ.

ಬೇರೆ ಹಾಳೆ ತೆಗೆದೆವು. ನನ್ನ ಕೈ ಎಷ್ಟು ಅವಸರ ಮಾಡಿತೆಂದರೆ ಎರಡು ಸಲ ಆ ಸಾಲನ್ನು ದಾಟಿಯೇ ಹೋದೆ. ಮೂರನೆಯ ಸಲ ಸಿಕ್ಕಿತು. ಕಂಡಿಕೆ ಪದಗಳು, ಬನಹಟ್ಟಿ, ಕಪಾಟಿನ ನಂಬರು. ಹೆಸರಿನ ಹಿಂದೆ ‘ಕುಮಾರಿ’. ಇನ್ನೂ ಯಾರಿಗೂ ಅವ್ವನಾಗಿರದ ಆ ಹುಡುಗಿಯನ್ನು ನಾನು ಬಹಳ ಹೊತ್ತು ನೋಡಿದೆ.

ಲೈಬ್ರೇರಿಯನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. “ಪುಸ್ತಕ ಇನ್ನೂ ಕಪಾಟಿನ್ಯಾಗ ಐತೋ ಇಲ್ಲೋ, ಅಲ್ಲೇ ಹೋಗಿ ನೋಡಬೇಕ್ರಿ.”

ಚಿಗವ್ವ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು. “ಧಾರವಾಡದ ಬಸ್ ಎಷ್ಟಕ್ಕೈತಿ ಕೇಳು. ಆಕಿಗೆ ಎರಡು ಪದ ನಾನೂ ಹೇಳಿಕೊಟ್ಟಿದ್ನಿ. ಅದರಾಗ ಹಾಕ್ಯಾಳೋ ಇಲ್ಲೋ ನೋಡೂಣು.”