ಅಣ್ಣನ ಎಡೆಯಲ್ಲಿ ಹಚ್ಚದೆ ಉಳಿದ ಸಿಗರೇಟು

ನರಸಿಂಹಸ್ವಾಮಿಯನ್ನು ನಂಬಿದ ಎಲ್ಲರಿಗೂ ಹಳ್ಳಿಮೈಸೂರಿನಲ್ಲಿ ರವಿಕೆ ಹೊಲಿಯುವ ಜಯಮ್ಮನ ನಮಸ್ಕಾರ. ನನಗೆ ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ದೇವರ ಜೊತೆ ಜಗಳವಾಡಿದ್ದನ್ನೂ ಸೇರಿಸಿ.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ನನ್ನ ಅಣ್ಣ ರಾಜಣ್ಣನಿಗೆ ಕೆಮ್ಮಿನಲ್ಲಿ ರಕ್ತ ಬಂತು. ನನ್ನ ತವರು ರಾಮನಾಥಪುರದ ಪಕ್ಕದ ಒಂದು ಹಳ್ಳಿ. ಹೊಗೆಸೊಪ್ಪು ಬೆಳೆದು ನಮ್ಮನ್ನು ಸಾಕಿದ ಮನೆ, ಆ ಅನ್ನ ತಿಂದವಳು ನಾನು, ಹಾಗಾಗಿ ದೊಡ್ಡ ಮಾತು ಆಡುವುದಿಲ್ಲ. ಅಪ್ಪ ಐವತ್ತೆರಡಕ್ಕೇ ಎದೆ ಕಾಯಿಲೆಯಲ್ಲಿ ಹೋದರು. ಚಿಕ್ಕಪ್ಪ ಅದಕ್ಕೂ ಮೊದಲೇ ಹೋಗಿದ್ದರು. ವಂಶಕ್ಕೆ ಯಾರದೋ ಶಾಪವಿದೆ ಎಂದು ಊರೆಲ್ಲ ಹೇಳಿತು, ನಾವೂ ಶಾಂತಿ ಮಾಡಿಸಿದೆವು. ಒಳಗೆ ಹೋಮ ನಡೆಯುತ್ತಿದ್ದರೆ ನಮ್ಮ ಗಂಡಸರು ಜಗಲಿಯಲ್ಲಿ ಕೂತು ಬೀಡಿ ಎಳೆಯುತ್ತಿದ್ದರು! ಅದು ಯಾರಿಗೂ ವಿಚಿತ್ರ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ನನ್ನ ಧಾರೆ ಮುಗಿದ ಮೇಲೆ ಅಜ್ಜಿ ಕಿವಿಯಲ್ಲಿ ಹೇಳಿದ್ದಳು: "ನೀ ಗೆದ್ದೆ ಕಣವ್ವ. ಕುಲ ಬದ್ಲಾಯ್ತು. ಈ ಮನೆ ಶಾಪ ಈ ಮನೇಲೇ ಉಳ್ಕತ್ತದೆ." ಇಪ್ಪತ್ತೇಳು ವರ್ಷ ಆ ಮಾತು ನಂಬಿಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಅಣ್ಣನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದರು. ನಾನು ದಿನ ಬಿಟ್ಟು ದಿನ ಗಂಜಿ ಕ್ಯಾರಿಯರ್ ಹಿಡಿದು ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಶ್ವಾಸಕೋಶದ ಕ್ಯಾನ್ಸರ್, ಹರಡಿಬಿಟ್ಟಿದೆ ಎಂದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಹೊರಗಿನ ಬೆಂಚಿಗೆ ಕರೆದು, ಮನೆಯಲ್ಲಿ ಇನ್ಯಾರಿಗೆ ಈ ಕಾಯಿಲೆ ಇತ್ತು ಎಂದು ಕೇಳಿದರು. ಹೇಳಿದೆ. ಮನಸ್ಸು ತಡೆಯದೆ ನಾನೂ ಕೇಳಿದೆ: "ನಮ್ ಯಜಮಾನ್ರು ಮೂವತ್ತು ವರ್ಸದಿಂದ ಸೇದ್ತಾವ್ರೆ. ಅವ್ರಿಗೇನೂ ಆಗಿಲ್ಲ. ನಮ್ಮಣ್ಣಂಗೇ ಯಾಕ್ ಬಂತು ಮೇಡಂ? ಶಾಪ ಅಂತಾರಲ್ಲ, ಅದೇನಾ?"

"ಶಾಪ ಅಲ್ಲಮ್ಮ. ಸೇದೋರಿಗೆಲ್ಲ ಈ ಕಾಯಿಲೆ ಬರಲ್ಲ ಅನ್ನೋದು ನಿಜ. ಅಪ್ಪ ಅಮ್ಮನಿಂದ ಬರೋ ಜೀನ್‌ಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ವ್ಯತ್ಯಾಸ ಇರುತ್ತೆ. ಅದರಿಂದ ಕೆಲವರಿಗೆ ಚಟ ಗಟ್ಟಿಯಾಗಿ ಅಂಟುತ್ತೆ. ಇನ್ನು ಕೆಲವರಿಗೆ ಹೊಗೆಯಿಂದಾದ ಪೆಟ್ಟನ್ನ ದೇಹ ಸರಿಯಾಗಿ ರಿಪೇರಿ ಮಾಡ್ಕೊಳ್ಳಲ್ಲ. ನಿಮ್ಮನೇಲಿ ಹಾಗೇ ಇದೆ ಅಂತ ಖಚಿತವಾಗಿ ಹೇಳಲಾರೆ, ಇರಬಹುದು. ಹಾಗಂತ ನಿಮ್ಮ ಯಜಮಾನ್ರು ಪಾರಾದ್ರು ಅಂತಲೂ ಅಲ್ಲ."

"ನಾನು ಮದ್ವೆಯಾಗಿ ಬ್ಯಾರೆ ಕುಲಕ್ಕೆ ಓದೋಳು. ನಂಗೆ, ನನ್ ಮಗಂಗೆ ಇದು ಬರಕಿಲ್ಲ ಅಲ್ವಾ?"

ಆಕೆ ನಗಲಿಲ್ಲ. "ಮದುವೆಯಾದ್ರೆ ಮನೆ ಬದಲಾಗುತ್ತೆ ಅಮ್ಮ, ರಕ್ತ ಬದಲಾಗುತ್ತಾ? ಮಗ ಅರ್ಧ ನಿಮ್ಮವನು ತಾನೆ? ಅವನು ಸೇದ್ತಾನಾ?"

"ಇಲ್ಲ" ಎಂದೆ. ಸುಳ್ಳು ಹೇಳಿದೆ.

ನನ್ನ ಮಗ ಮಂಜ ಗೂಡ್ಸ್ ಗಾಡಿ ಓಡಿಸುತ್ತಾನೆ. ಅರಕಲಗೂಡು ಕಡೆಯ ಶುಂಠಿ, ಜೋಳ ತುಂಬಿಕೊಂಡು ಹಾಸನ, ಚನ್ನರಾಯಪಟ್ಟಣ ಅಂತ ಅವನ ಓಡಾಟ. ಅವನ ಅಂಗಿಗಳ ಎದೆಯ ಮೇಲೆ ಕಿಡಿ ಬಿದ್ದ ಸಣ್ಣ ತೂತುಗಳಿಗೆ ಎರಡು ವರ್ಷದಿಂದ ರಫು ಹಾಕಿದವಳೇ ನಾನು. ಗೊತ್ತಿದ್ದೂ ಗಂಡು ಹುಡುಗ ಅಂತ ಸುಮ್ಮನಿದ್ದೆ. ಅಂದು ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಅತ್ತೆ. ಅಣ್ಣನಿಗಾಗಿ ಅಳುತ್ತಿದ್ದೇನೆ ಅಂತ ಪಕ್ಕದವರು ಸಮಾಧಾನ ಮಾಡಿದರು.

ಯುಗಾದಿ ಆದ ಎಂಟನೇ ದಿನಕ್ಕೆ ಅಣ್ಣ ಹೋದ. ಅವನ ತಿಥಿ ಮುಗಿದ ಮೇಲೆ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ಅಪ್ಪನ ಕಡೆ ಕೈ ತೋರಿಸಿದ. "ಅಪ್ಪ ಮೂವತ್ತು ವರ್ಸದಿಂದ ಸೇದ್ತದೆ, ಈಗ್ಲೂ ಮೂಟೆ ಒತ್ಕಂಡು ಓಡ್ತದೆ. ನಂಗೇನಾಯ್ತದೆ ಬುಡವ್ವ." ನಮ್ಮ ಯಜಮಾನರು ಬೀಡಿ ಕಚ್ಚಿಕೊಂಡೇ ನಕ್ಕರು. "ಆ ಡಾಕ್ಟ್ರಮ್ಮಂಗೆ ನನ್ನ ತೋರ್ಸು. ನಾನು ಕಲ್ಲು ಕಣೆ."

ಅವರು ಕಲ್ಲಿರಬಹುದು. ನನ್ನ ಮಗ ಕಲ್ಲೋ ಅಲ್ಲವೋ ಹೇಳುವವರು ಯಾರು? ಕೊನೆಗೆ ಹೊಳೆನರಸೀಪುರದ ನರಸಿಂಹಸ್ವಾಮಿಗೆ ಒಂಬತ್ತು ಶನಿವಾರದ ಹರಕೆ ಹೊತ್ತೆ. ನನ್ನ ಮಗನ ಬಾಯಿಂದ ಅದನ್ನು ಬಿಡಿಸು, ಇಷ್ಟೇ ಬೇಡಿಕೆ. ಶನಿವಾರ ಉಪವಾಸವಿದ್ದು ಬೆಳಗಿನ ಬಸ್ಸಿಗೆ ಹೋಗಿ ತುಳಸಿ ಕೊಟ್ಟು ಬರುತ್ತಿದ್ದೆ. ಒಂಬತ್ತನೇ ವಾರ ದರ್ಶನ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ, ಟೀ ಅಂಗಡಿ ಮುಂದೆ ಮಂಜನ ಗಾಡಿ ನಿಂತಿದೆ, ಅವನ ಬೆರಳಲ್ಲಿ ಸಿಗರೇಟು ಉರಿಯುತ್ತಿದೆ. ಅವನು ನನ್ನನ್ನು ನೋಡಲಿಲ್ಲ. ನಾನು ಅಲ್ಲಿಂದಲೇ ವಾಪಸು ಗುಡಿಗೆ ನಡೆದೆ, ಗರ್ಭಗುಡಿ ಮುಂದೆ ನಿಂತು, "ಕಂಬ ಒಡ್ಕೊಂಡು ಬಂದೋನಂತೆ ನೀನು! ನಿಂಗೆ ಬಸ್‌ಸ್ಟಾಂಡ್‌ವರ್ಗೂ ಬರಕ್ಕಾಗಲ್ವಾ?" ಎಂದು ಕೇಳಿದೆ. ಅರ್ಚಕರು ತಿರುಗಿ ನೋಡಿ ತೀರ್ಥ ಕೊಟ್ಟರು. ಆಮೇಲೆ ಎರಡು ತಿಂಗಳು ದೇವರ ಮುಂದೆ ದೀಪ ಹಚ್ಚಿದೆನೇ ಹೊರತು ಮಾತಾಡಲಿಲ್ಲ.

ಪಿತೃಪಕ್ಷ ಬಂತು. ಅಣ್ಣನಿಗೆ ಮೊದಲ ಎಡೆ ಇಡುವುದು. ಸತ್ತವರು ಇಷ್ಟಪಡುತ್ತಿದ್ದುದನ್ನೆಲ್ಲ ಬಾಳೆಲೆಯಲ್ಲಿಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲಿ ಅಂತ ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ನಾವು ಮೂವರೂ ಹೋಗಿದ್ದೆವು. ಅತ್ತಿಗೆ ಮುದ್ದೆ, ಕೋಳಿ ಸಾರು, ಹೊಸ ಪಂಚೆ ಎಲ್ಲ ಇಟ್ಟು, ಕೊನೆಗೆ ಸಿಗರೇಟಿನ ಪ್ಯಾಕನ್ನೂ ಇಟ್ಟಳು. ಅಪ್ಪನ ಎಡೆಗೂ ಹೀಗೇ ಬೀಡಿ ಇಡುತ್ತಿದ್ದರು. ಅದನ್ನು ಹಚ್ಚಿಕೊಡಲು ಹೋಗಿಯೇ ನಮ್ಮಣ್ಣ ಹದಿನಾರಕ್ಕೆ ಮೊದಲ ದಮ್ಮು ಎಳೆದದ್ದು. ಅಣ್ಣನಿಗೆ ಗಂಡುಮಕ್ಕಳಿಲ್ಲ.

"ಮಂಜ, ಸೋದ್ರಳಿಯ ನೀನು. ಮಾವಂಗೆ ಒಂದು ಅಂಟಿಸಿ ಮಡಗಪ್ಪ" ಎಂದಳು ಅತ್ತಿಗೆ.

ಮಂಜ ಸಿಗರೇಟನ್ನು ತುಟಿಗಿಟ್ಟು, ಎಡಗೈ ಮರೆ ಮಾಡಿ, ಒಂದು ಕಣ್ಣು ಕಿರಿದು ಮಾಡಿ ಕಡ್ಡಿ ಗೀರಿದ. ಅದು ರಾಜಣ್ಣನೇ. ಆ ಹುಬ್ಬು, ಆ ಕಣ್ಣು, ಕುತ್ತಿಗೆ ವಾಲಿಸುವುದು, ಎಲ್ಲ ಅಣ್ಣನದು. ಗೋಡೆಯ ಮೇಲಿನ ಫೋಟೋ ಕೆಳಗೆ ಫೋಟೋದಲ್ಲಿದ್ದವನೇ ನಿಂತಿದ್ದ.

"ತಗೀಲಾ ಬಾಯಿಂದ!"

ಕೂಗಿದ್ದು ನಾನಲ್ಲ, ನಮ್ಮ ಯಜಮಾನರು. ಗುಡಿ ಮೆಟ್ಟಿಲು ಹತ್ತದ ಮನುಷ್ಯ, ನನ್ನ ಹರಕೆಗೆ ನಕ್ಕವರು. ಮುಂದೆ ಬಂದು ಮಗನ ಬಾಯಿಂದ ಸಿಗರೇಟು ಕಿತ್ತು ಹಚ್ಚದೆಯೇ ಎಲೆಯ ಮೇಲಿಟ್ಟರು. ತಮ್ಮ ಜೇಬಿಂದ ಬೀಡಿ ಕಟ್ಟು, ಬೆಂಕಿಪೊಟ್ಟಣ ತೆಗೆದು ಅದರ ಪಕ್ಕದಲ್ಲಿಟ್ಟರು.

"ಭಾವ, ನಂದೂ ನೀನೇ ಮಡಿಕೊ. ನನ್ನ ನೋಡ್ಕಂಡು ನನ್ ಮಗ ನಿನ್ ದಾರಿ ಇಡಿಯೋದು ಬ್ಯಾಡ."

ಅತ್ತಿಗೆ ಗೊಳೋ ಎಂದು ಅತ್ತಳು. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಆಮೇಲೆ ಆ ಸಿಗರೇಟು, ಬೀಡಿಯನ್ನೆಲ್ಲ ಆಕೆಯೇ ಒಲೆಗೆ ಹಾಕಿದಳು. ಬರುವಾಗ ಬಸ್ಸಿನಲ್ಲಿ ಯಜಮಾನರು ಮೆಲ್ಲಗೆ ಹೇಳಿದರು: "ನೀನು ಏಳ್ದಾಗ ನಕ್ಕಿದ್ದೆ. ಇವತ್ತು ಅವನ್ ಮಕ ನೋಡ್ದೆ. ಮೈಯೆಲ್ಲ ನಿಮ್ಮ ಕಡೇದೇ ಕಣೆ. ನನ್ ಜೀವ ನೋಡಿ ಅವನು ಧೈರ್ಯ ತಗಂಡ್ರೆ ಎಂಗೆ?"

ನಾನು ಮಗನನ್ನು ಬದಲಾಯಿಸು ಎಂದು ಕೇಳಿದ್ದೆ, ಸ್ವಾಮಿ ಗಂಡನನ್ನು ಬದಲಾಯಿಸಿದ. ನಾನು ಬೈದಿದ್ದಕ್ಕೆ ಆ ರಾತ್ರಿಯೇ ಕ್ಷಮೆ ಕೇಳಿದೆ.

ಮಂಜ ಮರುದಿನವೇ ಬಿಟ್ಟ ಅಂದರೆ ಸುಳ್ಳಾಗುತ್ತದೆ. ಎರಡು ಸಲ ಬಿಟ್ಟು ಎರಡು ಸಲ ಹಿಡಿದ. ಅಪ್ಪ ಬೀಡಿ ಬಿಟ್ಟು ಏಲಕ್ಕಿ ಅಗಿಯುತ್ತಾ, ಸಿಡಿಮಿಡಿಗುಟ್ಟುತ್ತಾ, ಬೆವರುತ್ತಾ ಹಟ ಹಿಡಿದು ಕೂತದ್ದನ್ನು ದಿನವೂ ನೋಡಿದ. ಸೇದಿಯೂ ಗಟ್ಟಿಯಾಗಿದ್ದಾರೆ ಎಂದು ಕೈ ತೋರಿಸಲು ಅವನಿಗೆ ಇನ್ಯಾರೂ ಉಳಿಯಲಿಲ್ಲ. ಕೊನೆಗೆ ನಾನೇ ಕರೆದುಕೊಂಡು ಹೋಗಿ ಆ ಡಾಕ್ಟರಮ್ಮನ ಮುಂದೆ ಕೂರಿಸಿ, ಅಂದು ಹೇಳಿದ ಸುಳ್ಳನ್ನು ಒಪ್ಪಿಕೊಂಡೆ. ಬಿಡಲು ಔಷಧಿ ಕೊಟ್ಟರು. ಬಿಟ್ಟರೆ ಅಪಾಯ ಇಳಿಯುತ್ತಾ ಹೋಗುತ್ತೆ, ಪೂರ್ತಿ ಇಲ್ಲವಾಗುತ್ತೆ ಅಂತ ಮಾತು ಕೊಡಲಾರೆ ಎಂದರು. ಹಾಗಾಗಿ ನನ್ನ ಭಯ ಹೋಗಿಲ್ಲ. ಅವನು ಒಂದು ಸಲ ಕೆಮ್ಮಿದರೂ ಹೊಲಿಗೆ ಮಿಷನ್ನಿನ ಮೇಲಿನ ಕಾಲು ನಿಂತುಬಿಡುತ್ತದೆ.

ಈ ಯುಗಾದಿಯಿಂದ ಅವನು ಮುಟ್ಟಿಲ್ಲ. ಮೊನ್ನೆ ಚನ್ನರಾಯಪಟ್ಟಣದಿಂದ ಫೋನು ಮಾಡಿದ್ದ. "ಅವ್ವ, ಲೋಡಿಂಗ್ ತಾವ ಒಬ್ಬ ಸಿಗರೇಟ್ ಕೊಡಕ್ ಬಂದ, ಬ್ಯಾಡ ಅಂದೆ. ಯಾಕ್ಲಾ, ನಿಮ್ಮಪ್ಪ ಸೇದ್ತಿತ್ತಲ್ಲ ಅಂದ."

"ನೀನೇನಂದೆ?"

"ನಂದು ನಮ್ಮವ್ವನ ಕಡೆ ರಕ್ತ, ತಡ್ಯಕ್ಕಿಲ್ಲ ಅಂದೆ."

ತವರಿನಲ್ಲಿ ಬಿಟ್ಟು ಬಂದೆ ಅಂದುಕೊಂಡಿದ್ದು ಅದೇ ರಕ್ತ. ಫೋನು ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ದೇವರಿಗೆ ದೀಪ ಹಚ್ಚಿದೆ. ಸ್ವಾಮಿ, ಬಸ್‌ಸ್ಟಾಂಡ್‌ವರೆಗೆ ಬಾ ಎಂದರೆ ಚನ್ನರಾಯಪಟ್ಟಣದವರೆಗೂ ನನ್ನ ಮಗನ ಜೊತೆ ಹೋಗಿದ್ದೀಯ. ಹೀಗೇ ಅವನ ಜೊತೆಗಿರು.