ಬೆಟ್ಟದ ಬಾಣಂತನ

ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯ ಸುತ್ತಮುತ್ತ ಯಾರ ಮನೆಯಲ್ಲಿ ಹೆರಿಗೆಯಾದರೂ ಅಂಬುಜಮ್ಮನವರಿಗೆ ಕರೆ ಹೋಗುತ್ತಿತ್ತು. ಅವರೇನು ನರ್ಸಲ್ಲ, ಸಂಬಳಕ್ಕೆ ಮಾಡುವವರೂ ಅಲ್ಲ. ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದರಲ್ಲಿ ಅವರ ಕೈಗುಣ ಒಳ್ಳೆಯದು ಎಂಬ ಹೆಸರಿತ್ತು, ಅಷ್ಟೆ. ಆದರೆ ಅವರು ಒಂದು ಮನೆಗೆ ಕಾಲಿಟ್ಟರೆಂದರೆ ಅಲ್ಲಿನ ಆಡಳಿತವೆಲ್ಲ ಅವರದೇ. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಊಟಕ್ಕೆ ಮೆಣಸಿನ ಸಾರು, ಕಿಟಕಿಗಳೆಲ್ಲ ಭದ್ರ. ನೋಡಲು ಬಂದವರು ನಡುಮನೆಯಲ್ಲೇ ಕಾಫಿ ಕುಡಿದು ಹೊರಡಬೇಕು. ಮಗುವಿನ ಅಪ್ಪನನ್ನೂ ಅವರು ನೋಡಲು ಬಂದವರ ಪೈಕಿಯೇ ಸೇರಿಸುತ್ತಿದ್ದರು.

ಅವರ ಯಜಮಾನರು ರಾಮಸ್ವಾಮಿಗಳು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಅವರಿಗೆ ಕಾಡುಪ್ರಾಣಿಗಳ ಹುಚ್ಚು. ಟಿವಿಯಲ್ಲಿ ಸಿಂಹ ಬಂದರೆ ಅದಕ್ಕೆ ತೊಂದರೆಯಾಗಬಾರದೆಂಬಂತೆ ಲೋಟವನ್ನೂ ಸದ್ದಿಲ್ಲದೆ ಕೆಳಗಿಡುವರು. ಮಾರ್ಕೆಟ್ಟಿನ ಹತ್ತಿರ ಒಂದು ಭಾನುವಾರ ಹಳೆಯ ದುರ್ಬೀನು ಕೊಂಡು ತಂದಿದ್ದರು. ಎಡಗಣ್ಣಿನ ಕಡೆ ಚೆನ್ನಾಗಿಯೇ ಕಾಣುತ್ತಿತ್ತು. ಕೇರಳದ ಮುನ್ನಾರ್ ಬಳಿಯ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಬಂಡೆಗಳ ಮೇಲೆ ಬದುಕುವ ವರೆಯಾಡು ಎಂಬ ಕಾಡುಮೇಕೆಯನ್ನು ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಆದರೆ ಅಂಬುಜಮ್ಮನವರಿಗೆ ಒಂದು ಬಾಣಂತನ ಮುಗಿಯುವಷ್ಟರಲ್ಲಿ ಇನ್ನೊಂದು.

೨೦೦೩ರ ಫೆಬ್ರವರಿಯಲ್ಲಿ ಅಂತೂ ಬಿಡುವು ಸಿಕ್ಕಿ, ಇಬ್ಬರೂ ಮುನ್ನಾರಿನ ಟೂರ್ ಬಸ್ಸು ಹತ್ತಿದರು. ಉದ್ಯಾನದ ಬಾಗಿಲಿಗೆ ಹೋದರೆ ಅಡ್ಡ ಸರಪಳಿ, ಅದರ ಪಕ್ಕದಲ್ಲೊಬ್ಬ ತಮಿಳು ಗಾರ್ಡು. ಬೆಂಗಳೂರಿನ ಓಕಳಿಪುರಂನಲ್ಲಿ ತಮಿಳರ ನಡುವೆ ಹುಟ್ಟಿ ಬೆಳೆದ ಅಂಬುಜಮ್ಮನವರಿಗೆ ತಮಿಳು ಸಲೀಸು. ಅವರೇ ಹೋಗಿ ವಿಚಾರಿಸಿದರು.

"ಏನಂತೆ?" ಎಂದರು ರಾಮಸ್ವಾಮಿಗಳು.

"ಮರಿ ಹಾಕೋ ಕಾಲವಂತೆ ರೀ. ಇನ್ನೆರಡು ತಿಂಗಳು ಯಾರನ್ನೂ ಒಳಗೆ ಬಿಡಲ್ವಂತೆ."

ಬಸ್ಸಿನವರೆಲ್ಲ ಗಾರ್ಡಿನ ಸುತ್ತ ಸೇರಿದರು. "ಬೆಂಗಳೂರಿಂದ ಬಂದಿದೀವಿ ಗುರು, ಐದೇ ನಿಮಿಷ ಬಿಟ್ಬಿಡು," ಎಂದನೊಬ್ಬ. ಎಂದೂ ಯಾರನ್ನೂ ಏನನ್ನೂ ಕೇಳದ ರಾಮಸ್ವಾಮಿಗಳು ಕೂಡ ದುರ್ಬೀನು ಎತ್ತಿ ತೋರಿಸುತ್ತ, "ನಾನು ದೂರದಿಂದ್ಲೇ ನೋಡ್ತೀನಪ್ಪ, ಸದ್ದೇ ಮಾಡಲ್ಲ," ಎಂದು ಮುಂದೆ ಬಂದರು.

ಅಷ್ಟರಲ್ಲಿ ಅಂಬುಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಪಳಿಯ ಮುಂದೆ ನಿಂತಿದ್ದರು.

"ಬಾಣಂತಿ ಕೋಣೆಗೆ ನುಗ್ತೀವಿ ಅಂತೀರಲ್ಲ, ನಾಚಿಕೆ ಆಗಲ್ವಾ? ನಡೀರಿ, ಎಲ್ಲಾ ಬಸ್ ಹತ್ತಿ! ಅಲ್ಲಾ ರೀ, ನೀವೂನಾ?"

ರಾಮಸ್ವಾಮಿಗಳು ದುರ್ಬೀನು ಇಳಿಸಿದರು. ಅಂಬುಜಮ್ಮ ಗಾರ್ಡಿನ ಕಡೆ ತಿರುಗಿ, "ಇಷ್ಟು ಗಾಳಿ ಹೊಡೀತಿದೆ, ತಾಯಂದಿರ ಕಿವಿಗೇನು ಕಟ್ಟಿದೀರಪ್ಪ?" ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೋ ಎಂದು ಆತ ಅವರ ಮುಖ ನೋಡಿದ. ಹಾಗೇನೂ ಕಾಣಲಿಲ್ಲ. ಆಡುಗಳಿಗೆ ಅದೆಲ್ಲ ಅಭ್ಯಾಸ ಇದೆಯಮ್ಮ ಎಂದು ಸಮಾಧಾನ ಹೇಳಿ ಕಳಿಸಿದ.

ಬಸ್ಸು ಘಾಟಿ ಇಳಿಯುವಾಗ ರಾಮಸ್ವಾಮಿಗಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. "ನಮ್ಮ ಶ್ರೀವಿದ್ಯಾ ಹುಟ್ಟಿದಾಗ್ಲೂ ಹಿಂಗೇ," ಎಂದರು. "ನಿಮ್ಮಮ್ಮ ಬಾಗಿಲಲ್ಲಿ ನಿಂತ್ಬಿಟ್ಟಿದ್ರು. ನಾಮಕರಣದವರೆಗೂ ನಂಗೆ ಕಂಡಿದ್ದು ಅವಳ ಒಂದು ಕಾಲು. ಹೊದಿಕೆಯಿಂದ ಹೊರಗೆ ಬಂದಿತ್ತಲ್ಲ, ಅದು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಊರು ಮುಟ್ಟುವವರೆಗೆ ಅಂಬುಜಮ್ಮ ಗಂಡನಿಗೆ ಕಿತ್ತಳೆ ಸುಲಿದು ಸುಲಿದು ಕೊಟ್ಟರು.

ಮೇ ತಿಂಗಳಲ್ಲಿ ಎದುರುಮನೆಯ ರುದ್ರಾಣಿ, ಮಗಳಿಗೆ ಹೆರಿಗೆಯಾಯಿತೆಂದು ಕರೆಯಲು ಬಂದಳು. "ಮುಂದಿನ ವಾರ ಬರ್ತೀನಮ್ಮ. ಅಲ್ಲೀವರೆಗೂ ನೀನೇ ನೋಡ್ಕೋ," ಎಂದರು ಅಂಬುಜಮ್ಮ. ಅವರು ಹೀಗೆ ಹೇಳಿದ್ದನ್ನು ಬೀದಿ ಅದುವರೆಗೆ ಕೇಳಿರಲಿಲ್ಲ.

"ಎಲ್ಲಿಗಾದ್ರೂ ಹೋಗ್ತಿದೀರಾ ಮಾಮಿ?"

"ಮುನ್ನಾರಿಗೆ. ಮರಿ ನೋಡ್ಕೊಂಡು ಬರಬೇಕು."

ರುದ್ರಾಣಿಗೆ 'ಮರಿ' ಎಂದರೆ ಮೊಮ್ಮಗು ಎಂದೇ ಕೇಳಿಸಿತು. ಗಂಡೋ ಹೆಣ್ಣೋ ಎಂದು ವಿಚಾರಿಸಿದಳು. ಎರಡೂ ಇದ್ದಾವಂತೆ ಎಂದು ಹೇಳಿ ಅಂಬುಜಮ್ಮ ಬಟ್ಟೆ ಮಡಚಲು ಒಳಗೆ ಹೋದರು.

ಈ ಸಲ ಸರಪಳಿ ಇರಲಿಲ್ಲ. ಅರಣ್ಯ ಇಲಾಖೆಯ ವ್ಯಾನು ಬೆಟ್ಟದ ಮೇಲೆ ಇಳಿಸಿತು. ಅಲ್ಲಿಂದ ಮುಂದೆ ನಡಿಗೆ. ಎದುರಿಗಿದ್ದದ್ದು ಬರೀ ಮಂಜು. ರಾಮಸ್ವಾಮಿಗಳು ದುರ್ಬೀನು ಒರೆಸುತ್ತ, ಮತ್ತೆ ಒರೆಸುತ್ತ ನಡೆದರು. ಅಂಬುಜಮ್ಮ ಏದುಸಿರು ಬಿಡುತ್ತ ಹಿಂದೆ ಬಂದರು. ಒಂದು ತಿರುವಿನಲ್ಲಿ ಮಂಜು ಸರಿಯಿತು. ರಸ್ತೆಬದಿಯ ದಿಬ್ಬದ ಮೇಲೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಿಂದಕ್ಕೆ ಬಾಗಿದ ಕೊಂಬಿನ ಒಂದು ತಾಯಿ ನಿಂತಿತ್ತು. ಅದರ ಹೊಟ್ಟೆಯ ಕೆಳಗಿನಿಂದ ಮರಿಯೊಂದು ಇಣುಕುತ್ತಿತ್ತು.

ರಾಮಸ್ವಾಮಿಗಳು ಗಡಿಬಿಡಿಯಲ್ಲಿ ದುರ್ಬೀನು ಕಣ್ಣಿಗೊತ್ತಿಕೊಂಡರು. "ಅಂಬುಜಾ, ಏನೂ ಕಾಣ್ತಿಲ್ವಲ್ಲೇ! ಬರೀ ಕಂದು ಬಣ್ಣ!"

"ಮೊದ್ಲು ಅದನ್ನ ಕಣ್ಣಿಂದ ತೆಗೀರಿ."

ತೆಗೆದರು. ಮರಿ ಅವರನ್ನೇ ನೋಡುತ್ತಿತ್ತು. ಅವರು ಮೆಲ್ಲಗೆ ಕುಕ್ಕರಗಾಲಲ್ಲಿ ಕೂತರು. ಕಣ್ಣಲ್ಲಿ ನೀರು ಬಂದದ್ದಕ್ಕೆ ಚಳಿಯನ್ನು ಬೈದುಕೊಂಡರು. ಅಂಬುಜಮ್ಮ ತಾಯಿ ಮರಿ ಎರಡನ್ನೂ ಅಡಿಯಿಂದ ಮುಡಿಯವರೆಗೆ ಕಣ್ಣಲ್ಲೇ ಪರೀಕ್ಷೆ ಮಾಡಿ, "ಮಗು ಪರವಾಗಿಲ್ಲ, ಮೈ ತುಂಬ್ಕೊಂಡಿದೆ. ತಾಯಿನೇ ಸ್ವಲ್ಪ ಸೊರಗಿದಾಳೆ," ಎಂದರು. ಗಂಡ ಎದ್ದು ಒಂದು ಹೆಜ್ಜೆ ಮುಂದಿಡಲು ಹೋದಾಗ ತಾಯಿ ತಲೆ ತಗ್ಗಿಸಿತು. ಅಂಬುಜಮ್ಮ ಅವರ ಸ್ವೆಟರು ಹಿಡಿದೆಳೆದರು. "ಸಾಕು ಅಂತಿದಾಳೆ. ಬನ್ನಿ ಈ ಕಡೆ."

ರಾಮಸ್ವಾಮಿಗಳು ಬಂದರು. ಇಬ್ಬರೂ ಕಟ್ಟೆಯ ಮೇಲೆ ಕೂತು, ಮರಿ ಬಂಡೆ ಹತ್ತುವುದನ್ನೂ ಜಾರುವುದನ್ನೂ ನೋಡಿದರು. ಅದು ಜಾರಿದಾಗಲೆಲ್ಲ ಅಂಬುಜಮ್ಮ "ಅಯ್ಯೋ ಕಂದಾ" ಎನ್ನುತ್ತಿದ್ದರು. ತಾಯಿ ಮಾತ್ರ ಹುಲ್ಲು ಮೇಯುತ್ತಲೇ ಇತ್ತು.

ಇಳಿಯುವಾಗ ಅಂಬುಜಮ್ಮ ವ್ಯಾನಿನಲ್ಲಿ ಗಂಡನ ಭುಜಕ್ಕೊರಗಿ ಬಾಯಿ ತೆರೆದು ನಿದ್ದೆ ಹೋದರು. ಎದುರಿನ ಇಳಿಜಾರಿನಲ್ಲಿ, ಟೀ ತೋಟ ಮುಗಿಯುವ ಕಡೆ, ಆನೆಗಳ ಒಂದು ಹಿಂಡು ನಿಧಾನವಾಗಿ ಸಾಗುತ್ತಿತ್ತು. ರಾಮಸ್ವಾಮಿಗಳು ಹೆಂಡತಿಯ ಮುಖ ನೋಡಿದರು. ಭುಜ ಅಲ್ಲಾಡದಂತೆ ಒಂದೇ ಕೈಯಲ್ಲಿ ದುರ್ಬೀನು ಎತ್ತಿ, ಆನೆಗಳು ಮರೆಯಾಗುವವರೆಗೆ ಎಡಗಣ್ಣಿನಿಂದ ನೋಡಿದರು.

ಮುನ್ನಾರ್ ಪೇಟೆಯಲ್ಲಿ ಟೀ ಕುಡಿಯುವಾಗ ಆ ವಿಷಯ ಬಾಯಿಬಿಟ್ಟರು.

"ಆನೇನಾ! ಎಬ್ಬಿಸೋಕೆ ಏನಾಗಿತ್ತು ನಿಮಗೆ?"

"ನಿದ್ದೆ ಬಂದಿತ್ತಲ್ಲ ನಿಂಗೆ, ಪಾಪ."

ಅಂಬುಜಮ್ಮ ಊರು ಬರುವವರೆಗೂ ಬೈದರು. ಮನೆಯ ಬೀಗ ತೆಗೆಯುತ್ತ, ಆನೆ ಇರುವ ಬೆಟ್ಟ ಇನ್ನೂ ಯಾವ್ಯಾವುದಿದೆ ಎಂದು ಕೇಳಿದರು.