ಹಸಿರು ಲೈಟ್ ಉರೀತಿತ್ತು ಕಣ್ರೀ

ಕಬಿನಿ ಹಿನ್ನೀರಿನ ನಟ್ಟನಡುವೆ, ಊಟದ ಡಬ್ಬಿಯ ಮುಚ್ಚಳದಿಂದ ನೀವು ಎಂದಾದರೂ ದೋಣಿ ನಡೆಸಿದ್ದೀರಾ? ನಾನು ನಡೆಸಿದ್ದೇನೆ. ಕಳೆದ ಡಿಸೆಂಬರಿನ ಒಂದು ಭಾನುವಾರ, ಮಂಜು ಇನ್ನೂ ನೀರಿನ ಮೇಲಿಂದ ಎದ್ದಿರಲಿಲ್ಲ, ಆಗ.

(ಪ್ರಯತ್ನಿಸುವವರಿಗೆ ಒಂದು ಮಾತು: ಸ್ಟೀಲ್ ಮುಚ್ಚಳ ದೋಣಿಯನ್ನು ಮುಂದಕ್ಕೆ ತಳ್ಳುವುದಿಲ್ಲ. ಪಕ್ಕದಲ್ಲಿ ಕೂತವರ ಸೀರೆ ನೆನೆಸುತ್ತದೆ, ಅಷ್ಟೆ.)

ನನ್ನ ತವರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯಿಂದ ಇನ್ನಷ್ಟು ಒಳಕ್ಕೆ, ಹಿನ್ನೀರಿನ ದಂಡೆಯ ಮೇಲಿದೆ. ಆಚೆ ದಡಕ್ಕೆ ರಸ್ತೆಯಲ್ಲಿ ಹೋದರೆ ಬಸ್ಸು ಬದಲಿಸುತ್ತಾ ಅರ್ಧ ದಿನ ಹೋಗುತ್ತದೆ. ನೀರಿನ ಮೇಲೆ ಹೋದರೆ ಬಾಯಿಗೆ ಹಾಕಿದ ಎಲೆಅಡಿಕೆ ಮುಗಿಯುವುದರೊಳಗೆ ಆಚೆ ದಡ. ಅದಕ್ಕೇ ನನ್ನ ತಮ್ಮ ಮಾದೇವ ಒಂದು ಫೈಬರ್ ದೋಣಿ ಇಟ್ಟಿದ್ದಾನೆ. ಮೊದಲು ಅದಕ್ಕೆ ಡೀಸೆಲ್ ಇಂಜಿನ್ ಇತ್ತು, ಈಗ ಬ್ಯಾಟರಿ ಮೋಟಾರು. ಹಿಂದಿನ ಸೀಟಿನ ಕೆಳಗೆ ಬ್ಯಾಟರಿಗಳು, ಅವುಗಳ ಪಕ್ಕದಲ್ಲಿ ಸ್ಕ್ರೂ ಹೊಡೆದು ಕೂರಿಸಿದ ಚಾರ್ಜರ್. ಸಂಜೆ ದೋಣಿ ಕಟ್ಟಿದ ಮೇಲೆ ದಡದ ಪಂಪ್‌ಸೆಟ್ ಮನೆಯಿಂದ ವೈರ್ ಎಳೆದು ಸಿಕ್ಕಿಸಬೇಕು. ಚಾರ್ಜರ್ ಮೇಲೆ ಹಸಿರು ಲೈಟ್ ಹೊತ್ತಿದರೆ ಬೆಳಿಗ್ಗೆಗೆ ದೋಣಿ ರೆಡಿ. ಬ್ಯಾಟರಿಯಲ್ಲಿ ಎಷ್ಟಿದೆ ಎಂದು ತೋರಿಸುವ ಮೀಟರ್ ಗೀಟರ್ ಏನೂ ಇಲ್ಲ. ಹಸಿರು ಲೈಟೇ ದೇವರು.

ದೋಣಿ ಮಾದೇವನದು. ನಡೆಸುತ್ತಿದ್ದವಳು ಅವನ ಹೆಂಡತಿ ಶಾರದ.

ಶಾರದ ಪಿರಿಯಾಪಟ್ಟಣದ ಕಡೆ ಹಾರನಹಳ್ಳಿಯ ಹುಡುಗಿ. ಊರ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಹಿನ್ನೀರಿನ ಕಡೆ ಮುಖ ಮಾಡಿ ಬಟ್ಟೆ ಒಗೆಯಲೂ ಹೆದರುತ್ತಿದ್ದಳು. ಆಮೇಲೊಮ್ಮೆ ಮಾದೇವ ಚಿಕೂನ್‌ಗುನ್ಯಾ ಬಂದು ಮಲಗಿದ. ಕೈಕಾಲು ಹಿಡಿದುಕೊಂಡು ಎದ್ದು ಕೂರಲೂ ಆಗುತ್ತಿರಲಿಲ್ಲ. ದಡದಲ್ಲಿ ಜನ ಕಾಯುತ್ತಿದ್ದಾರೆ, ಹಾಲಿನ ಕ್ಯಾನು ಕಾಯುತ್ತಿದೆ. ಏನು ಮಾಡುವುದು? ಶಾರದ ತಲೆಗೆ ಟವೆಲ್ ಸುತ್ತಿಕೊಂಡು ಕೀ ತೆಗೆದುಕೊಂಡು ಹೋದಳು. ಮೊದಲ ದಿನ ದೋಣಿಯನ್ನು ಲಂಟಾನ ಪೊದೆಗೆ ನುಗ್ಗಿಸಿದಳಂತೆ. ಮಾದೇವ ಚೇತರಿಸಿಕೊಳ್ಳುವ ಹೊತ್ತಿಗೆ ನೀರೊಳಗಿನ ಒಣಮರದ ಬೊಡ್ಡೆಗಳ ನಡುವೆ ದಾರಿ ಮಾಡಿಕೊಂಡು ಹೋಗುವಷ್ಟು ಪಳಗಿದ್ದಳು. ಅವನು ಹೊಲ ನೋಡಿಕೊಂಡ, ಇವಳು ದೋಣಿ ನೋಡಿಕೊಂಡಳು.

ನನಗೋ, ಮೋಟಾರು ಹಿಡಿದು ಕೂತ ಅವಳನ್ನು ಆ ಹಿಂದಿನ ಸೀಟಿನಲ್ಲಿ ನೋಡುವುದೇ ಒಂದು ಖುಷಿ. ಒಮ್ಮೆ ಪಂಚಾಯ್ತಿ ಮೆಂಬರಿಗೇ ಹೇಳಿದ್ದಳು: "ಅಣ್ಣ, ನೀವು ಮಧ್ಯಕ್ಕೆ ಕುತ್ಕಳಿ. ಆ ಸೈಡಲ್ಲಿ ಕೂತ್ರೆ ದೋಣಿ ನಿಮ್ ಕಡೀಕೇ ವಾಲ್ತದೆ." ದೋಣಿಯೆಲ್ಲ ನಕ್ಕಿತ್ತು. ಮೆಂಬರೂ ನಕ್ಕು ಮಧ್ಯಕ್ಕೆ ಸರಿದಿದ್ದರು.

ಆ ಭಾನುವಾರ ದೋಣಿಯಲ್ಲಿ ಆಚೆ ದಡಕ್ಕೆ ಶುಂಠಿ ಕೀಳಲು ಹೊರಟ ಹೆಂಗಸರಿದ್ದರು. ಸುಮ್ಮನೆ ಒಂದು ಸುತ್ತು ಹೋಗಿಬರೋಣ ಎಂದು ನಾನೂ ಹತ್ತಿದ್ದೆ. ಅರ್ಧ ದಾರಿಯಲ್ಲಿ ಮೋಟಾರಿನ ಸದ್ದು ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ನಿಂತೇಹೋಯಿತು.

ಶಾರದ ಗಾಬರಿ ಬೀಳಲಿಲ್ಲ. ಸೀಟಿನ ಕೆಳಗಿಂದ ಒಂದು ಹುಟ್ಟು ತೆಗೆದಳು. (ಮಾದೇವ ಬೇಡವೆಂದರೂ ಅವಳೇ ಇಡಿಸಿದ್ದಂತೆ.) "ಯಾರೂ ಎದ್ದೇಳ್‌ಬೇಡಿ ಕಣ್ರವ್ವ. ಡಬ್ಬಿ ಮುಚ್ಳ ಇರೋರು ನೀರ್ ತಳ್ಳಿ" ಅಂದಳು. ಹಾಗೆ ನಾನು ಮುಚ್ಚಳ ಹಿಡಿದದ್ದು. ನಾವು ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ನೀರೆರಚುತ್ತಾ, ನಗುತ್ತಾ, ಅಂತೂ ಹೊರಟ ದಡಕ್ಕೇ ವಾಪಸ್ಸು ಬಂದೆವು.

ದಡದಲ್ಲಿ ಮಾದೇವ ನಿಂತಿದ್ದ. ಸುತ್ತ ನಾಲ್ಕಾರು ಗಂಡಸರು. ಆಚೆ ದಡದ ಶುಂಠಿ ಮೇಸ್ತ್ರಿ ಫೋನಿನಲ್ಲಿ ಅವನಿಗೆ ಚೆನ್ನಾಗಿ ಉಗಿದಿದ್ದನಂತೆ. ದೋಣಿ ಗಾಳಿಗೆ ತೇಲುವುದನ್ನು ನೋಡಿ ಹೆದರಿಯೂ ಇದ್ದ. ದೋಣಿಯಲ್ಲಿ ಹೆಂಡತಿ ಇದ್ದಳು, ಅಕ್ಕ ಇದ್ದಳು. ದಡದಲ್ಲಿ ನಿಂತವನ ಕೈಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಆ ಹೆದರಿಕೆ ಹೆದರಿಕೆಯಾಗಿಯೇ ಹೊರಬಂದಿದ್ದರೆ ಎಷ್ಟು ಚೆನ್ನಾಗಿತ್ತು!

"ರಾತ್ರಿ ಚಾರ್ಜಿಗೆ ಆಕಿದ್ದಾ ಇಲ್ವಾ?" ಅಂದ.

"ಹಾಕಿದ್ದೆ ಕಣ್ರೀ."

"ಆಕಿದ್ರೆ ದೋಣಿ ಯಾಕ್ ನಿಂತ್ಕತದೆ?"

"ಹಸಿರು ಲೈಟ್ ಉರೀತಿತ್ತು ಕಣ್ರೀ. ಬೆಳಗ್ಗೆ ನಾನೇ ವೈರ್ ತೆಗ್ದೆ."

"ಸುಳ್ ಬೇರೆ ಏಳ್ತೀಯಾ? ಸೀರಿಯಲ್ ನೋಡ್ಕಂಡು ಮರ್ತಿದ್ದೀಯ. ಎಂಗುಸ್ರ ಕೈಗೆ ದೋಣಿ ಕೊಟ್ಟಿದ್ದು ನನ್ ತಪ್ಪು!"

"ಮಾದೇವ, ಬಾಯ್ ಮುಚ್ಕೋ" ಅಂದೆ ನಾನು. "ಅಕ್ಕ, ನಿಂಗ್ ಗೊತ್ತಾಗಲ್ಲ, ಸುಮ್ಕಿರು" ಅಂದ. ನಗುತ್ತಿದ್ದ ಹೆಂಗಸರೆಲ್ಲ ಮುಚ್ಚಳ ಒರೆಸಿಕೊಳ್ಳುತ್ತಾ ನೆಲ ನೋಡುತ್ತಿದ್ದರು. ಶಾರದ ಕೀಯನ್ನು ಅವನ ಕೈಗಿಟ್ಟು ಮನೆ ಕಡೆ ನಡೆದಳು.

ಆಮೇಲೆ ಮಾದೇವನೇ ವೈರ್ ಸಿಕ್ಕಿಸಿದ. ಹಸಿರು ಲೈಟ್ ಹೊತ್ತಿತು. ಮಧ್ಯಾಹ್ನದವರೆಗೆ ಕಾದ. ಮೋಟಾರ್ ಮಿಸುಕಲಿಲ್ಲ. ಅಂದರೆ ಕೆಟ್ಟಿರುವುದು ಚಾರ್ಜರ್. ಆಗಲಾದರೂ ಅವನಿಗೆ ಹೊಳೆಯಬೇಕಿತ್ತಲ್ಲವೇ? ಇಲ್ಲ. ಊಟಕ್ಕೆ ಕೂತವನು ಮುದ್ದೆ ಮುರಿಯುತ್ತಾ ಶುರು ಮಾಡಿದ: "ದೋಣಿ ತೊಳೀವಾಗ ಇವ್ಳೇ ಅದುಕ್ಕೆ ನೀರ್ ಬುಟ್ಟವ್ಳೆ." ಬೆಳಿಗ್ಗೆ ಮರೆತವಳು ಮಧ್ಯಾಹ್ನಕ್ಕೆ ಕೆಡಿಸಿದವಳಾದಳು. ಶಾರದ ಸಾರು ಬಡಿಸಿ ಒಳಗೆ ಹೋದಳು.

ನಾನು ಹುಣಸೂರಿನ ನಮ್ಮ ಮನೆಗೆ ವಾಪಸ್ಸಾಗಬೇಕಿತ್ತು. ಚಾರ್ಜರ್ ಬಿಚ್ಚಿಕೊಂಡು ಮಾದೇವನೂ ತನ್ನ ಓಮ್ನಿ ವ್ಯಾನ್ ತೆಗೆದ. ಎಚ್.ಡಿ. ಕೋಟೆಯ ಅಂಗಡಿಯವರು "ಈ ವೋಲ್ಟೇಜಿಂದು ನಮ್ಮತ್ರ ಇಲ್ಲ" ಅಂದರು. ಹುಣಸೂರಿನ ಬ್ಯಾಟರಿ ಅಂಗಡಿಗೆ ಭಾನುವಾರದ ರಜೆ. ಸರಿ, ರಾತ್ರಿ ನಮ್ಮ ಮನೆಯಲ್ಲೇ ಇದ್ದು ಬೆಳಿಗ್ಗೆ ಹೊಸದು ಕೊಳ್ಳುವುದು ಎಂದಾಯಿತು.

ನಮ್ಮ ಯಜಮಾನರಿಗೆ ಕೆಟ್ಟ ವಸ್ತು ಕಂಡರೆ ಕೈ ಸುಮ್ಮನಿರುವುದಿಲ್ಲ. (ಬಿಚ್ಚಲು ಬರುತ್ತದೆ. ಮುಚ್ಚಲು ಬರುವುದಿಲ್ಲ. ನಮ್ಮ ಮಿಕ್ಸಿಯನ್ನು ಕೇಳಿ.) ಕಾಫಿ ಆರುವುದರೊಳಗೆ ಚಾರ್ಜರ್ ಊಟದ ಟೇಬಲ್ ಮೇಲೆ ಎರಡು ಹೋಳಾಗಿತ್ತು.

ಒಳಗೆ ಒಂದು ಹಲ್ಲಿ. ಸತ್ತು ಒಣಗಿ, ಬಾಲ ಸುರುಳಿಯಾಗಿ ಅಂಟಿಕೊಂಡಿತ್ತು. ಅದು ಬಿದ್ದಿದ್ದ ಕಡೆ ಎಲ್ಲ ಸುಟ್ಟು ಕರ್ರಗಾಗಿತ್ತು.

"ಕರೆಂಟ್ ಒಳಗೆ ಬರ್ತಿದೆ, ಅದಕ್ಕೆ ಲೈಟ್ ಹತ್ತುತ್ತೆ" ಅಂದರು ಯಜಮಾನರು. "ಬ್ಯಾಟರಿಗೆ ಹೋಗೋ ದಾರಿ ಸುಟ್ಟುಹೋಗಿದೆ. ಯಾರು ಹಾಕಿದ್ರೂ ಚಾರ್ಜ್ ಆಗ್ತಿರಲಿಲ್ಲ."

ಮಾದೇವ ಬಗ್ಗಿ ನೋಡಿದ. "ಅಂದ್ರೆ ಭಾವ, ಲೈಟ್ ಉರೀತಾನೇ ಇರ್ತದೆ, ಚಾರ್ಜ್ ಆಗಿರಲ್ಲ, ಅಂಗಾ?"

"ಹಾಗೇ."

ಅವನು ಕಾಫಿ ಮುಟ್ಟಲಿಲ್ಲ. ಲೋಟ ಪಕ್ಕಕ್ಕೆ ಸರಿಸಿ, "ಅಕ್ಕ, ನೀನೇ ಒಂದು ಫೋನ್ ಮಾಡಿ ಅವ್ಳಿಗೆ ಏಳ್ಬುಡು" ಅಂದ.

"ನಾನ್ಯಾಕೆ ಹೇಳ್ಲಿ? ಬೈದೋನು ನೀನು."

"ಊಂ. ನಾನೇ ಏಳ್ತೀನಿ ಬುಡು."

ಹೇಳಿದನಂತೆ. ಎಲ್ಲಿ? ಅಡುಗೆಮನೆಯಲ್ಲಿ, ಅವಳು ಒಲೆ ಕಡೆ ತಿರುಗಿದ್ದಾಗ, ಅವಳ ಬೆನ್ನಿಗೆ. "ಅದ್ರೊಳಗೆ ಒಂದು ಅಲ್ಲಿ ಬಿದ್ದು ಸತ್ತಿತ್ತು ಕಣೆ." ಇಷ್ಟೇ. ಅವಳು "ಹೌದಾ" ಅಂದಳಂತೆ. ಅದೂ ಅಷ್ಟೇ.

ನೋಡಿ, ನಮ್ಮ ಮನೆಗಳೆಲ್ಲ ಹೀಗೇ ಅಲ್ಲವೇ? ಬೈಗುಳಕ್ಕೆ ಮೈಕು, ತಪ್ಪೊಪ್ಪಿಗೆಗೆ ಪಿಸುಮಾತು. ಸುಳ್ಳಿ ಎಂದದ್ದು ಇಡೀ ದಡಕ್ಕೆ ಕೇಳಿಸಿತ್ತು. ಸುಳ್ಳಿಯಲ್ಲ ಎಂದದ್ದು ಒಲೆಗೂ ಸರಿಯಾಗಿ ಕೇಳಿಸಲಿಲ್ಲ.

ಹೊಸ ಚಾರ್ಜರ್ ಕೂತಿತು. ದೋಣಿ ಓಡಿತು. ಮಾದೇವ ಕೀ ಕೊಡಲು ಹೋದರೆ ಶಾರದ, "ನೀವೇ ನಡ್ಸಿ. ನಂಗೆ ಮನೇಲಿ ಕೆಲ್ಸ ಅದೆ" ಅಂದಳು. ಕೋಪ, ನಾಲ್ಕು ದಿನದಲ್ಲಿ ಇಳಿಯುತ್ತದೆ ಅಂದುಕೊಂಡ ಅವನು. ನಾನೂ ಹಾಗೇ ಅಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ನಾನು ತವರಿಗೆ ಹೋದಾಗಲೂ ಮಾದೇವನೇ ದೋಣಿ ಬಿಡುತ್ತಿದ್ದ. ಕೂರಿಸಿ ಸರಿಯಾಗಿ ಬೈದೆ. "ನಾಲ್ಕು ಜನದ ಮುಂದೆ ಅಂದಿದ್ದೀಯ. ನಾಲ್ಕು ಜನದ ಮುಂದೇನೇ ಹೇಳು." ತಲೆ ಕೆರೆದುಕೊಂಡ. ಆದರೆ ಮಾರನೆಯ ಬೆಳಿಗ್ಗೆ ಮಾಡಿದ. ಅವನು ಮರೆತುಬಂದಿದ್ದ ತಿಂಡಿ ಡಬ್ಬಿ ಕೊಡಲು ಶಾರದ ದಡಕ್ಕೆ ಬಂದಿದ್ದಳು. ದೋಣಿ ತುಂಬ ಅದೇ ಶುಂಠಿ ಕೆಲಸದ ಹೆಂಗಸರು. ಮಾದೇವ ಎದ್ದು ನಿಂತ.

"ಎಲ್ರೂ ಕೇಳಿ. ಅವತ್ತು ಇವ್ಳು ಚಾರ್ಜಿಗೆ ಆಕಿದ್ಲು. ಚಾರ್ಜರ್ ಒಳಕ್ಕೆ ಒಂದು ಅಲ್ಲಿ ಬಿದ್ದು ಕೆಟ್ಟೋಗಿತ್ತು. ನಾನು ತಿಳೀದಲೆ ಬೈದ್ಬುಟ್ಟೆ. ತಪ್ಪು ನಂದೇಯ."

ಹೆಂಗಸರು ಹೋ ಎಂದು ನಕ್ಕರು. "ಈಗ್ ಬಂತಾಣ್ಣ ಬುದ್ಧಿ?" ಅಂದಳು ಒಬ್ಬಳು. ಶಾರದಳೂ ನಕ್ಕಳು. ಸುಳ್ಳು ನಗುವಲ್ಲ, ನಿಜವಾಗಿಯೇ ನಕ್ಕಳು. ಮಾದೇವ ಹಿಂದಿನ ಸೀಟು ಬಿಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದ. ಎಲ್ಲರೂ ಅವಳನ್ನೇ ನೋಡುತ್ತಿದ್ದೆವು.

"ಆಯ್ತು ಬುಡಿ, ಹೊತ್ತಾಯ್ತು, ಹೊರಡಿ" ಅಂದಳು. ಹತ್ತಲಿಲ್ಲ.

ದೋಣಿ ಹೋಯಿತು. ನಾವಿಬ್ಬರೇ ಉಳಿದೆವು. "ಇನ್ನೂ ಕೋಪಾನಾ ಶಾರದ?" ಅಂತ ಕೇಳಿದೆ.

"ಕೋಪ ಯಾವತ್ತೋ ಹೋಯ್ತು ಅತ್ಗೆ. ಅವ್ರು ಕೆಟ್ಟೋರಲ್ಲ, ನಂಗೊತ್ತಿಲ್ವಾ?" ನೀರಿನ ಕಡೆ ತಿರುಗಿದಳು. "ಅವತ್ತು ಅವ್ರು ಅಷ್ಟು ಜೋರಾಗಿ ಅಂದ್ರಲ್ಲ, ಆಗ ನಂಗೇ ಡೌಟ್ ಬಂದ್ಬುಡ್ತು. ಹಾಕಿದ್ನಾ? ಇಲ್ಲಾ ಹಾಕ್ದೆ ಅಂದ್ಕಂಡ್ನಾ? ಕಣ್ಣಲ್ಲಿ ಲೈಟ್ ನೋಡಿದ್ದೀನಿ, ಆದ್ರೂ ಡೌಟು. ಈಗ ಗ್ಯಾಸ್ ಆಫ್ ಮಾಡಿ ಮಲಗಿರ್ತೀನಿ, ಎದ್ದೋಗಿ ಮತ್ತೆ ನೋಡ್ತೀನಿ. ಬಾಗ್ಲು ಹಾಕಿರ್ತೀನಿ, ಮತ್ತೆ ನೋಡ್ತೀನಿ. ಅಂಥೋಳು ಅಷ್ಟು ಜನಾನ ಕೂರಿಸ್ಕಂಡು ನೀರ್ ಮೇಲೆ ಹೆಂಗ್ ಹೋಗ್ಲಿ, ನೀವೇ ಹೇಳಿ?"

ನಾನು ಹಲ್ಲಿಯ ವಿಷಯ ಎತ್ತಿದೆ. ನಿನ್ನದು ತಪ್ಪಿಲ್ಲ ಎಂದು ಸಾಬೀತಾಯಿತಲ್ಲ ಅಂದೆ. ಅವಳು ತಲೆಯಾಡಿಸಿದಳು. ಅದು ಅವಳಿಗೂ ಗೊತ್ತು. ಗೊತ್ತಿದ್ದರೂ ಏನೂ ಬದಲಾಗಿಲ್ಲ, ಅದೇ ನನ್ನನ್ನು ಇವತ್ತಿಗೂ ಕಾಡುತ್ತಿರುವುದು.

ಮಾದೇವ ಈಗ ದೋಣಿಯನ್ನು ಜಾಗ್ರತೆಯಾಗಿ ನಡೆಸುತ್ತಾನೆ. ಹೊಲದ ಕೆಲಸ ಹಿಂದೆ ಬಿದ್ದಿದೆ, ದೂರುವುದಿಲ್ಲ. ದೋಣಿಯಲ್ಲಿ ಮೊದಲಿನ ಹರಟೆ ಇಲ್ಲ ಎಂದು ಹೆಂಗಸರು ಹೇಳುತ್ತಾರೆ. ಹಾರನಹಳ್ಳಿಯಿಂದ ಬಂದು, ನೀರಿನ ಹೆದರಿಕೆ ಬಿಟ್ಟು, ತನ್ನ ಪಾಡಿಗೆ ತಾನು ದೋಣಿ ಕಲಿತ ಹೆಣ್ಣು ದಡದ ಮೇಲೆ ನಿಂತು ಡಬ್ಬಿ ಕೊಟ್ಟು ವಾಪಸ್ಸು ಹೋಗುತ್ತಾಳೆ.

ಕೆಟ್ಟ ವಸ್ತುವಿನ ಎದುರು ನಿಂತಾಗ ನಾವೆಲ್ಲ ಏನೋ ಒಂದನ್ನು ಬಿಚ್ಚುತ್ತೇವೆ. ನಿಮ್ಮ ಮನೆಯಲ್ಲಿ ಮೊದಲು ಬಿಚ್ಚುವುದು ಯಾವುದು, ಸ್ಕ್ರೂವೋ ಬಾಯೋ?